ಸಾಬೂನು ಯಾವ ಲಿಂಗ?

ಕನ್ನಡ ವ್ಯಾಕರಣವನ್ನು ಪಾಠ ಹೇಳುವವರಿಗೆ ಒಂದು ನೆಮ್ಮದಿಯುಂಟು. ಲಿಂಗಪ್ರಕರಣ ನಮ್ಮ ವಿದ್ಯಾರ್ಥಿಗಳನ್ನು ಹೆಚ್ಚು ಕಾಡುವುದಿಲ್ಲ. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ಲಿಂಗಗಳನ್ನು ಎಷ್ಟೇ ಸೂಕ್ಷ್ಮವಾಗಿ ವಿಂಗಡಿಸಿದ್ದರೂ ಕನ್ನಡದ ಮೂಲಸೂತ್ರ ಸರಳವಾದುದು: ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಮಿಕ್ಕುದೆಲ್ಲ ನಪುಂಸಕಲಿಂಗ. ಸಂಸ್ಕೃತದಲ್ಲಿ ಹೀಗಿಲ್ಲ. ಅಲ್ಲಿ ಹೆಂಡತಿಯೆಂಬ ಒಂದೇ ಅರ್ಥವುಳ್ಳ ಮೂರು ಶಬ್ದಗಳಲ್ಲಿ ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರ’ ನಪುಂಸಕಲಿಂಗ, ‘ದಾರ’ ಪುಲ್ಲಿಂಗ! ನಮ್ಮ ರಾಯಚೂರಿನ ಬೀದಿಗಳಲ್ಲಿ ಕನ್ನಡದ ಜೊತೆಗೇ ಕಿವಿಗೆ ಬೀಳುವ ಉರ್ದುವಿನಲ್ಲಿ ಕುರ್ಸಿ ಸ್ತ್ರೀಲಿಂಗ, ದರ್ವಾಜಾ ಪುಲ್ಲಿಂಗ. ಆದರೆ ಇವೆಲ್ಲ ಶಬ್ದದ ಮಾತು, ವಸ್ತುವಿನ ಮಾತಲ್ಲ. ಕುರ್ಚಿ ಸ್ತ್ರೀಲಿಂಗವೆಂಬ ಕಾರಣಕ್ಕೆ ಅದರ ಮೇಲೆ ಗಂಡಸರು ಕೂಡಬಾರದೆಂದು ಯಾವ ವೈಯಾಕರಣನೂ ಹೇಳಲಿಲ್ಲ. ಯಾವ ಬಡಗಿಯೂ ಅದಕ್ಕೆ ನಾಲ್ಕಾಣೆ ಹೆಚ್ಚಿಗೆ ಕೇಳಲಿಲ್ಲ.

ಇತ್ತ ಕೆಲವು ದಶಕಗಳಿಂದ ಪೇಟೆಯು ತನ್ನದೇ ಆದ ಒಂದು ಲಿಂಗಪ್ರಕರಣವನ್ನು ಬರೆಯತೊಡಗಿದೆ. ವಾಚಕರು ರಾಯಚೂರಿನ ತೀನ್ ಕಂದೀಲ್ ಸುತ್ತಿನ ಯಾವುದಾದರೂ ದೊಡ್ಡ ಅಂಗಡಿಯನ್ನು ಹೊಕ್ಕು ನೋಡಬಹುದು. ಒಂದು ಗೋಡೆಗೆ ಗುಲಾಬಿ ಬಣ್ಣದ ಡಬ್ಬಿಗಳು, ಎದುರಿನ ಗೋಡೆಗೆ ಕಪ್ಪು, ಬೂದು, ಕಡುನೀಲಿಯವು. ಒಳಗಿರುವುದು ಎರಡೂ ಕಡೆ ಮುಖ ತೊಳೆಯುವ ದ್ರವವೇ, ಬೆವರಿನ ವಾಸನೆಯನ್ನು ಅಡಗಿಸುವ ಸುಗಂಧವೇ, ಉಕ್ಕಿನ ಅಲಗಿನ ರೇಜರೇ. ಮಾನ್ವಿಯ, ದೇವದುರ್ಗದ ಕಿರಾಣಿ ಅಂಗಡಿಗಳಲ್ಲಿ ಗೋಡೆಗಳು ಅಷ್ಟು ಅಗಲವಿಲ್ಲ. ಅಲ್ಲಿ ಈ ಭೇದ ಸರಮಾಲೆಯಾಗಿ ತೂಗುವ ಪುಟ್ಟ ಪಾಕೀಟುಗಳಲ್ಲಿ ಕಾಣುತ್ತದೆ. ಮಕ್ಕಳ ತಿನಿಸನ್ನೂ ಇದು ಬಿಟ್ಟಿಲ್ಲ. ಒಳಗೆ ಆಟಿಗೆಯಿಟ್ಟ ‘ಕಿಂಡರ್ ಜಾಯ್’ ಎಂಬ ಚಾಕೊಲೇಟಿನ ಮೊಟ್ಟೆ ನಮ್ಮ ದೇಶದಲ್ಲಿ ಹುಡುಗರಿಗೆ ನೀಲಿ, ಹುಡುಗಿಯರಿಗೆ ಗುಲಾಬಿ ಎಂದು ಎರಡು ವೇಷದಲ್ಲಿ ಮಾರಾಟವಾಯಿತು. ಇನ್ನು ಲೇಖನಿ. ‘ಬಿಕ್’ ಎಂಬ ಹೆಸರಾಂತ ಕಂಪನಿಯು ಸ್ತ್ರೀಯರಿಗೆಂದೇ ತೆಳುಬಣ್ಣದ ಬಾಲ್ ಪೆನ್ನುಗಳನ್ನು ಪೇಟೆಗಿಳಿಸಿ, 2012ರಲ್ಲಿ ಜಗತ್ತಿನ ಓದುಗರ ನಗೆಗೆ ಗುರಿಯಾಯಿತು. ಹೆಂಗಸರು ಅಷ್ಟು ಕಾಲ ಯಾರ ಪೆನ್ನಿನಿಂದ ಬರೆಯುತ್ತಿದ್ದರೋ ಆ ಕಂಪನಿಯೇ ಬಲ್ಲದು.

ನಕ್ಕು ಬಿಡಬಹುದಾದ ಸಂಗತಿಯಲ್ಲವೆ ಇದು ಎಂದು ಕೇಳುವವರಿದ್ದಾರೆ. ನಗುವುದು ಒಳ್ಳೆಯದೇ, ಆದರೆ ನಗು ಮುಗಿದ ಮೇಲೆ ಯೋಚಿಸಬೇಕಾದ ಅಂಶವೊಂದು ಉಳಿಯುತ್ತದೆಂದು ನನ್ನ ಭಾವನೆ.

ಮೊದಲು ಸಾಬೂನಿನ ವಿಷಯವನ್ನೇ ತೆಗೆದುಕೊಳ್ಳೋಣ. ಎಣ್ಣೆಯೋ ಕೊಬ್ಬೋ ಕ್ಷಾರದೊಡನೆ ಬೆರೆತು ಆಗುವ ಪದಾರ್ಥವದು. ಮೈಮೇಲಿನ ಜಿಡ್ಡನ್ನು ನೀರಿನೊಡನೆ ಹೊಂದಿಸಿ ತೊಳೆದುಹಾಕುವುದು ಅದರ ಧರ್ಮ. ಕೊಳೆ ಯಾರ ಮೈಯದೆಂದು ಅದು ವಿಚಾರಿಸುವುದಿಲ್ಲ. ಮೈಸೂರಿನಲ್ಲಿ 1916ರಲ್ಲಿ ಶ್ರೀಗಂಧದೆಣ್ಣೆಯ ಕಾರ್ಖಾನೆ ಆರಂಭವಾಗಿ, ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರಕಾರದ ಸಾಬೂನು ಕಾರ್ಖಾನೆಯೂ ನೆಲೆಗೊಂಡಿತು. ಆಗ ನಮ್ಮ ಜಿಲ್ಲೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಮೈಸೂರಿನ ಆ ಸಾಬೂನಿನ ಮುದ್ರೆಯಾದ ಶರಭಕ್ಕೆ ಆನೆಯ ತಲೆ, ಸಿಂಹದ ಮೈ. ಎರಡು ಪ್ರಾಣಿಗಳು ಒಂದಾಗಿ ನಿಂತ ಆ ಮುದ್ರೆಯ ಕೆಳಗೆ ಇದು ಗಂಡಸರದು, ಇದು ಹೆಂಗಸರದು ಎಂಬ ಮಾತಿರಲಿಲ್ಲ. ಮನೆಗೊಂದು ಬಿಲ್ಲೆ, ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರಿಗೂ ಅದೇ.

ಸಾಬೂನಿಗೆ ಲಿಂಗವನ್ನು ತಂದುದು ಜಾಹೀರಾತು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ಅವರು 1941ರಲ್ಲಿ ‘ಲಕ್ಸ್’ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಹಾಗೆ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಅವರು. ಅದು ಚಿತ್ರತಾರೆಯರ ಸೌಂದರ್ಯದ ಸಾಬೂನಾಯಿತು. ಅದೇ ಕಂಪನಿಯ ‘ಲೈಫ್‌ಬಾಯ್’ ಆಟದ ಬಯಲಿನಲ್ಲಿ ಬೆವರಿದ ಗಂಡಸಿನ ಆರೋಗ್ಯದ ಸಾಬೂನಾಯಿತು. ಹೆಣ್ಣಿಗೆ ಚೆಲುವು, ಗಂಡಿಗೆ ಬಲ: ಒಂದೇ ತಯಾರಕರು ಒಂದೇ ಮನೆಗೆ ಎರಡು ಬಿಲ್ಲೆಗಳನ್ನು ಕಳಿಸಿದರು. 2005ರಲ್ಲಿ ನಟ ಶಾರುಖ್ ಖಾನ್ ಗುಲಾಬಿ ದಳಗಳ ತೊಟ್ಟಿಯಲ್ಲಿ ಕುಳಿತು ಲಕ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡುದು ದೊಡ್ಡ ಸುದ್ದಿಯಾಯಿತು. ಗಂಡಸೊಬ್ಬ ಸಾಬೂನಿನಿಂದ ಮೈ ತೊಳೆದುಕೊಂಡುದು ಸುದ್ದಿಯಾಗಬೇಕಾದರೆ ಆ ಗೋಡೆ ಎಷ್ಟು ಎತ್ತರ ಬೆಳೆದಿರಬೇಕು!

ಈ ಗೋಡೆಯಿಂದ ವ್ಯಾಪಾರಿಗೆ ಆಗುವ ಲಾಭವೇನು? ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ ಬರೆದ ಪುಟ್ಟ ಪ್ರಬಂಧದಿಂದ ನನಗೆ ಇದರ ಉತ್ತರ ಸ್ಪಷ್ಟವಾಯಿತು. ದೇವದುರ್ಗದ ಕಡೆಯ ಹಳ್ಳಿಯ ಹುಡುಗಿ. ಮನೆಯಲ್ಲಿ ಆರು ಜನ, ಬಚ್ಚಲಲ್ಲಿ ಒಂದು ಬಿಲ್ಲೆ ಸಾಬೂನು. ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ಅಣ್ಣ ಹಬ್ಬಕ್ಕೆ ಬಂದಾಗ ಕಪ್ಪು ಹೊದಿಕೆಯ ಬೇರೊಂದು ಸಾಬೂನು ತಂದ. “ಇದು ಗಂಡಸರ ಸೋಪ ಐತಿ, ನೀವು ಹಚ್ಚಿಕೋಬ್ಯಾಡ್ರಿ” ಎಂದನಂತೆ. ಅಂದಿನಿಂದ ಆ ಮನೆಗೆ ಎರಡು ಬಿಲ್ಲೆ. ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳು ಹೇಳುವುದನ್ನು ಆ ಹುಡುಗಿ ಒಂದೇ ವಾಕ್ಯದಲ್ಲಿ ಹೇಳಿದ್ದಳು. ಹಂಚಿಕೊಳ್ಳಬಹುದಾದುದನ್ನು ಹಂಚಿಕೊಳ್ಳಲಾಗದಂತೆ ಮಾಡಿದರೆ ಮಾರಾಟ ಇಮ್ಮಡಿಯಾಗುತ್ತದೆ.

ಮಕ್ಕಳ ಸಾಮಾನಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಕ್ಕನ ಪಾಟೀಚೀಲ ತಮ್ಮನಿಗೆ, ಅಣ್ಣನ ಸೈಕಲ್ಲು ತಂಗಿಗೆ ದಾಟುವುದು ಬಡವರ ಮನೆಯ ದೊಡ್ಡ ಉಳಿತಾಯ. ಚೀಲ ಗುಲಾಬಿಯಾಗಿ ಅದರ ಮೇಲೊಂದು ರಾಜಕುಮಾರಿಯ ಚಿತ್ರ ಅಂಟಿದರೆ ತಮ್ಮ ಅದನ್ನು ಹೆಗಲಿಗೇರಿಸಲಾರ, ಹೊಸದು ಬೇಕು. ಬಣ್ಣದಲ್ಲಿ ಹುಟ್ಟುಗುಣವೇನೂ ಇಲ್ಲ. ಗುಲಾಬಿ ಗಟ್ಟಿಯಾದ ಬಣ್ಣ, ಆದುದರಿಂದ ಗಂಡುಮಕ್ಕಳಿಗೆ. ನೀಲಿ ಕೋಮಲ, ಆದುದರಿಂದ ಹೆಣ್ಣುಮಕ್ಕಳಿಗೆ ಎಂದು 1918ರಲ್ಲಿ ಅಮೆರಿಕದ ಒಂದು ವ್ಯಾಪಾರ ಪತ್ರಿಕೆ ಉಪದೇಶಿಸಿತ್ತು. ನಮ್ಮ ಸೀಮೆಯ ಮದುವೆಗಳಲ್ಲಿ ಗುಲಾಬಿ ರುಮಾಲು ಸುತ್ತಿದ ಹಿರಿಯರನ್ನು ಕಂಡು ಯಾರೂ ನಕ್ಕದ್ದಿಲ್ಲ. ನಮ್ಮ ಅಜ್ಜಿಯರು ಹೊಲಿದ ಕೌದಿಯಲ್ಲಿ ಅಜ್ಜನ ಧೋತರದ ಅಂಚೂ ಅವ್ವನ ಸೀರೆಯ ಸೆರಗೂ ಒಂದೇ ದಾರದಲ್ಲಿ ಕೂಡಿರುತ್ತವೆ. ಚಳಿಗೆ ಅದನ್ನು ಹೊದ್ದವರು ತುಂಡುಗಳ ಲಿಂಗವನ್ನು ಕೇಳಲಿಲ್ಲ.

ಗೋಡೆಯ ಎರಡನೆಯ ಪ್ರಯೋಜನ ಬೆಲೆಯಲ್ಲಿದೆ. ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರ ಇಲಾಖೆಯು 2015ರ ಡಿಸೆಂಬರಿನಲ್ಲಿ ಸುಮಾರು 800 ಸರಕುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ಒಂದು ವರದಿಯನ್ನು ಪ್ರಕಟಿಸಿತು. ಹೆಂಗಸರಿಗೆಂದು ಮಾರುವ ಸರಕು ಸರಾಸರಿ ಶೇಕಡಾ 7ರಷ್ಟು ದುಬಾರಿ. ಮೈಕಾಂತಿಯ, ಶುಚಿತ್ವದ ಸಾಮಾನುಗಳಲ್ಲಿ ಈ ಅಂತರ ಶೇಕಡಾ 13. ಇದಕ್ಕೆ ‘ಗುಲಾಬಿ ತೆರಿಗೆ’ ಎಂಬ ಹೆಸರು ರೂಢಿಗೆ ಬಂದಿದೆ. ಇದರ ಇನ್ನೊಂದು ಮಗ್ಗುಲನ್ನೂ ಹೇಳುವುದು ನ್ಯಾಯ. ಒಂದೇ ತಯಾರಕರ, ಒಂದೇ ಘಟಕಗಳುಳ್ಳ ಸರಕುಗಳನ್ನು ಮಾತ್ರ ಎದುರುಬದುರು ಇಟ್ಟು ನೋಡಿದರೆ ಅಂತರ ಬಹುಮಟ್ಟಿಗೆ ಮಾಯವಾಗುತ್ತದೆಂದು ಅನಂತರದ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಹಾಗಾದರೆ ವ್ಯಾಪಾರಿ ನಿರ್ದೋಷಿಯೆ? ನನಗೆ ಹಾಗೆ ತೋರುವುದಿಲ್ಲ. ಜಾಣತನ ಇರುವುದೇ ಅಲ್ಲಿ: ಒಂದರಲ್ಲಿ ಚೂರು ಹೂವಿನ ಸಾರ, ಇನ್ನೊಂದರಲ್ಲಿ ಚೂರು ಇದ್ದಿಲಪುಡಿ, ಒಂದು 80 ಗ್ರಾಂ, ಇನ್ನೊಂದು 100 ಗ್ರಾಂ. ಎರಡು ಗೋಡೆಗಳ ನಡುವೆ ನಿಂತ ಗಿರಾಕಿಗೆ ತಕ್ಕಡಿಯೇ ಸಿಗುವುದಿಲ್ಲ.

ಬೆಲೆಗಿಂತಲೂ ದೊಡ್ಡ ಬಂಡವಾಳವೊಂದು ಈ ವ್ಯಾಪಾರಕ್ಕಿದೆ, ಅದು ನಾಚಿಕೆ. ಮುಖವನ್ನು ಬೆಳ್ಳಗೆ ಮಾಡುವುದಾಗಿ ಹೇಳಿಕೊಂಡ ‘ಫೇರ್ ಅಂಡ್ ಲವ್ಲಿ’ ಕ್ರೀಮು ನಮ್ಮ ದೇಶದ ಪೇಟೆಗೆ ಬಂದುದು 1975ರಲ್ಲಿ. ಬೇಸಗೆಯಲ್ಲಿ ಕಲ್ಲುಬಂಡೆಗಳೇ ಕಾದು ಕೆಂಡವಾಗುವ ನಮ್ಮ ಜಿಲ್ಲೆಯಲ್ಲಿ, ಹೊಲದಲ್ಲಿ ದುಡಿದು ಮೈ ಕಪ್ಪಾದ ಹೆಣ್ಣುಮಕ್ಕಳ ಮನೆಗಳಿಗೆ ಅದರ ಪುಟ್ಟ ಪಾಕೀಟುಗಳು ತಲುಪಿದವು. ಗಂಡಸರೂ ಅದನ್ನೇ ಹಚ್ಚಿಕೊಳ್ಳುತ್ತಿದ್ದರು. 2005ರಲ್ಲಿ ಇನ್ನೊಂದು ಕಂಪನಿ ಗಂಡಸರಿಗೆಂದೇ ‘ಫೇರ್ ಅಂಡ್ ಹ್ಯಾಂಡ್‌ಸಮ್’ ತಂದಿತು. ಗುಲಾಬಿ ದಳಗಳಲ್ಲಿ ಕುಳಿತಿದ್ದ ಅದೇ ನಟ ಕೆಲವೇ ವರ್ಷಗಳಲ್ಲಿ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಹೆಂಗಸರ ಕ್ರೀಮನ್ನು ಕದ್ದು ಹಚ್ಚಿಕೊಳ್ಳುವ ಗಂಡಸು ನಗೆಪಾಟಲು ಎಂಬುದು ಅದರ ತಿರುಳು. ಮೊದಲು ಕಪ್ಪು ಮೈಗೆ ನಾಚಿಕೆ, ಆಮೇಲೆ ಹೆಣ್ಣಿನ ಡಬ್ಬಿಗೆ ಕೈಯಿಕ್ಕಿದ ನಾಚಿಕೆ. ಒಂದು ನಾಚಿಕೆಯನ್ನು ಮಾರಿ ಮುಗಿದಾಗ ಎರಡನೆಯದನ್ನು ತಯಾರಿಸಬೇಕಾಯಿತು. 2020ರಲ್ಲಿ, ಬಿಳಿ ಬಣ್ಣದ ಈ ವ್ಯಾಮೋಹಕ್ಕೆ ಜಗತ್ತಿನ ಎಲ್ಲೆಡೆಯಿಂದ ಆಕ್ಷೇಪ ಬಂದಾಗ, ಮೊದಲಿನ ಕಂಪನಿ ತನ್ನ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಶಬ್ದವನ್ನು ಕಿತ್ತು ‘ಗ್ಲೋ’ ಎಂದು ಸೇರಿಸಿತು. ಹೆಂಗಸರದು ‘ಗ್ಲೋ ಅಂಡ್ ಲವ್ಲಿ’, ಗಂಡಸರದು ‘ಗ್ಲೋ ಅಂಡ್ ಹ್ಯಾಂಡ್‌ಸಮ್’. ಆ ಕೊನೆಯ ಹೆಸರಿಗಾಗಿ ಎರಡು ಕಂಪನಿಗಳೂ ನ್ಯಾಯಾಲಯದ ಮೆಟ್ಟಿಲೇರಿದವು. ಇದನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಸೋಜಿಗವೆನಿಸುತ್ತದೆ. ಬಣ್ಣವನ್ನು ಹೇಳುವ ವಿಶೇಷಣವನ್ನು ಬಿಟ್ಟುಕೊಟ್ಟರು. ಲಿಂಗವನ್ನು ಹೇಳುವ ವಿಶೇಷಣವನ್ನು ಬಿಡಲೊಲ್ಲದೆ ಹೋರಾಡಿದರು.

ಗಂಡು-ಹೆಣ್ಣುಗಳ ನಡುವೆ ಭೇದವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ನಮ್ಮ ಸರಕಾರ 2006-07ರಲ್ಲಿ ಆರಂಭಿಸಿದಾಗ ಹುಡುಗಿಯರ ಸೈಕಲ್ಲಿಗೆ ನಡುವಿನ ಅಡ್ಡಕಂಬಿ ತಗ್ಗಾಗಿತ್ತು. ಲಂಗ ಉಟ್ಟವಳು ಹತ್ತಿ ಇಳಿಯಲು ಅದು ಬೇಕಾಗಿತ್ತು. ಆ ಭೇದ ಸಕಾರಣವಾದುದು. ಹೆಂಗಸರಿಗೆಂದು ಬಂದ ಗೇರಿಲ್ಲದ ಹಗುರ ಸ್ಕೂಟರು ಎಷ್ಟೋ ಶಿಕ್ಷಕಿಯರನ್ನು, ದಾದಿಯರನ್ನು ಬಸ್ಸಿನ ದಾರಿ ಕಾಯುವ ಕಷ್ಟದಿಂದ ಪಾರುಮಾಡಿತು. ಆ ಉಪಕಾರ ಹಗುರವಾದ ಯಂತ್ರದ್ದೇ ಹೊರತು ಅದಕ್ಕೆ ಬಳಿದ ಬಣ್ಣದ್ದಲ್ಲ. ಅಂಥ ಸ್ಕೂಟರುಗಳನ್ನು ಇಂದು ಗಂಡಸರೂ ಓಡಿಸುತ್ತಾರೆ. ಇನ್ನು ಮುಟ್ಟಿನ ದಿನಗಳ ಪ್ಯಾಡು. ಹೆಣ್ಣಿನ ದೇಹ ನಿಜವಾಗಿ ಕೇಳುವ ವಸ್ತುವೊಂದಿದ್ದರೆ ಅದು ಇದೇ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಅದರ ಮೇಲೆ ಶೇಕಡಾ 12 ತೆರಿಗೆ ಬಿತ್ತು. ದೇಶದಾದ್ಯಂತ ಕೂಗೆದ್ದ ಮೇಲೆ 2018ರ ಜುಲೈನಲ್ಲಿ ಅದನ್ನು ತೆಗೆದುಹಾಕಿದರು. ಶಾಲೆಯ ಹೆಣ್ಣುಮಕ್ಕಳಿಗೆ ಪ್ಯಾಡುಗಳನ್ನು ಉಚಿತವಾಗಿ ಕೊಡುವ ನಮ್ಮ ರಾಜ್ಯದ ‘ಶುಚಿ’ ಯೋಜನೆಯೂ ನಡುವೆ ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮರಳಿ ಆರಂಭವಾಯಿತು. ಭೇದ ನಿಜವಾದೆಡೆ ನಮ್ಮ ಕೈ ಇಷ್ಟು ಬಿಗಿ. ಭೇದವೇ ಇಲ್ಲದೆಡೆ ಗುಲಾಬಿ ಬಣ್ಣದ ಮಳೆ. ಆದುದರಿಂದ ಪರೀಕ್ಷೆ ಇಷ್ಟೆ: ಈ ಭೇದವನ್ನು ಕೇಳಿದ್ದು ದೇಹವೆ, ಅಥವಾ ಡಬ್ಬಿಯೆ?

ಇಲ್ಲಿ ಹಿರಿಯರೊಬ್ಬರು ಆಕ್ಷೇಪಿಸಬಹುದು: ‘ಪೇಟೆಯನ್ನೇಕೆ ದೂರುತ್ತೀರಿ? ಗಂಡಿನ ಕೆಲಸ, ಹೆಣ್ಣಿನ ಕೆಲಸ ಎಂದು ನಮ್ಮ ಪೂರ್ವಿಕರೇ ಗೆರೆ ಎಳೆಯಲಿಲ್ಲವೆ?’ ಈ ಮಾತನ್ನು ಅಲ್ಲಗಳೆಯಲಾಗದು. ನೇಗಿಲ ಮೇಣಿಯನ್ನು ಗಂಡಸು ಹಿಡಿದ; ಬಿತ್ತುವಾಗ ಬೀಜ ಬಿಡುವ ಕೈ ಹೆಣ್ಣಿನದಾಯಿತು. ಆದರೂ ಕಮ್ಮಾರನ ಕುಲುಮೆಯಿಂದ ಬಂದ ಕುಡುಗೋಲಿಗೆ ಲಿಂಗವಿರಲಿಲ್ಲ, ಹಿಡಿದವರದು ಅದು. ಪೇಟೆಯು ಹಳೆಯ ಗೆರೆಯನ್ನು ಸೃಷ್ಟಿಸಲಿಲ್ಲ. ಅಳಿಸಿಹೋಗುತ್ತಿದ್ದ ಗೆರೆಯನ್ನು ಹೊಸ ಬಣ್ಣದಿಂದ ತೀಡಿ, ಕುಡುಗೋಲಿಗೂ ಪೆನ್ನಿಗೂ ಹಬ್ಬಿಸಿ, ಅದರಿಂದ ಬಾಡಿಗೆ ಎತ್ತುತ್ತಿದೆ.

ಹಳೆಯ ಗೆರೆಯಿಂದ ಆಗಿರುವ ಕೇಡೇನೆಂದು ತಿಳಿಯಲು ನಮ್ಮ ಜಿಲ್ಲೆಯ ಹೊಲಗಳನ್ನು ನೋಡಿದರೆ ಸಾಕು. ಮಾನ್ವಿಯ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಬೆನ್ನು ಬಾಗಿಸಿ ಭತ್ತದ ಸಸಿ ಹಚ್ಚುವವರು ಹೆಂಗಸರು. ದೇವದುರ್ಗದ ಕಡೆ ಹತ್ತಿ ಬಿಡಿಸುವವರೂ ಅವರೇ. ಹೆಣ್ಣಾಳಿನ ದಿನಗೂಲಿ ಗಂಡಾಳಿನ ದಿನಗೂಲಿಗಿಂತ ಕಡಿಮೆಯೆಂಬುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಕೇಳಿದರೆ ‘ಅದು ಹಗುರ ಕೆಲಸ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೆಸರಿನಲ್ಲಿ ಒಂದು ಹಗಲು ಬಾಗಿ ನಿಂತು ನೋಡಿದವರು ಆ ಮಾತನ್ನು ಆಡಲಾರರು. ಸಮಾನ ಕೆಲಸಕ್ಕೆ ಸಮಾನ ವೇತನವೆಂದು 1976ರಲ್ಲಿಯೇ ಕಾಯಿದೆ ಬಂತು. 2019ರ ವೇತನ ಸಂಹಿತೆ ಆ ತತ್ತ್ವವನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೂ ಹೊಲದ ಬದುವಿನ ಮೇಲಿನ ಲೆಕ್ಕ ಬೇರೆ.

ಈಗ ಆ ಎರಡು ಶಬ್ದಗಳನ್ನು ಗಮನಿಸಿ: ಹೆಣ್ಣಾಳು, ಗಂಡಾಳು. ‘ಆಳು’ ಎಂಬುದು ಎರಡರಲ್ಲೂ ಒಂದೇ. ಸಸಿ ಒಂದೇ, ಬಿಸಿಲು ಒಂದೇ. ಮುಂದೆ ಕೂಡಿಕೊಂಡ ಇನ್ನೊಂದು ಶಬ್ದ ಕೂಲಿಯನ್ನು ನಿರ್ಣಯಿಸುತ್ತದೆ. ಪೇಟೆಯ ಸಾಬೂನಿನ ಕಥೆಯೂ ಇದೇ. ಒಂದೇ ವಸ್ತುವಿಗೆ, ಹಿಡಿದ ಕೈಯನ್ನು ನೋಡಿ, ಎರಡು ಬೆಲೆ. ಗುಲಾಬಿ ಡಬ್ಬಿಯೇ ಕೂಲಿಯ ಅನ್ಯಾಯವನ್ನು ಹುಟ್ಟಿಸಿತೆಂದು ನಾನು ಹೇಳುವುದಿಲ್ಲ. ಆ ಅನ್ಯಾಯ ಡಬ್ಬಿಗಿಂತ ಬಹಳ ಹಳೆಯದು. ಆದರೆ ಚಾಕೊಲೇಟಿನ ಮೊಟ್ಟೆಯಿಂದ ಆರಂಭಿಸಿ ಕ್ಷೌರದ ಅಲಗಿನವರೆಗೆ ಎಲ್ಲದಕ್ಕೂ ಎರಡು ಬಗೆ ಇರುವುದು ಸೃಷ್ಟಿನಿಯಮವೆಂದು ಕಲಿತು ಬೆಳೆದ ಮಗುವಿಗೆ, ಒಂದೇ ದಿನದ ದುಡಿಮೆಗೆ ಎರಡು ಕೂಲಿ ಇರುವುದು ಅಸಹಜವಾಗಿ ಕಾಣುವುದಾದರೂ ಹೇಗೆ? ದುಡಿಯುವಾಗ ಅಗ್ಗ, ಕೊಳ್ಳುವಾಗ ತುಟ್ಟಿ: ಹೆಣ್ಣಿಗೆ ಈ ಎರಡು ತಕ್ಕಡಿಗಳನ್ನು ಒಡ್ಡಿದ ಲೋಕವನ್ನು ಸಹಜವೆಂದು ನಂಬುವುದೇ ನಿಜವಾದ ನಷ್ಟ.

ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ. ಅಲ್ಲಿಯ ಮುದನೂರಿನ ನೇಕಾರನಾದ ಜೇಡರ ದಾಸಿಮಯ್ಯ, ಮೈಮೇಲಿನ ಗುರುತುಗಳನ್ನು ನೋಡಿ ಒಳಗಿನ ಜೀವಕ್ಕೂ ಲಿಂಗವನ್ನು ಹೊರಿಸುವವರನ್ನು ಬಹು ಹಿಂದೆಯೇ ಪ್ರಶ್ನಿಸಿದ್ದನು. ಆತ ಜೀವಕ್ಕೆ ಕೇಳಿದ ಪ್ರಶ್ನೆಯನ್ನು ನಾವು ಸಾಬೂನಿಗೂ ಕೇಳುವ ಕಾಲ ಬಂದಿದೆ.

ಕಾನೂನು ಮಾಡಬಹುದಾದುದು ಕೆಲಮಟ್ಟಿಗೆ ಉಂಟು. ಕೊಳ್ಳುವವರ ಲಿಂಗವನ್ನೇ ಕಾರಣವಾಗಿಟ್ಟುಕೊಂಡು ಒಂದೇ ಬಗೆಯ ಸರಕಿಗೆ ಎರಡು ಬೆಲೆ ಹಾಕುವುದನ್ನು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2023ರ ಜನವರಿಯಿಂದ ನಿಷೇಧಿಸಿದೆ. ಕೇಡುಂಟುಮಾಡುವ ಲಿಂಗಪಡಿಯಚ್ಚುಗಳನ್ನು ಜಾಹೀರಾತಿನಲ್ಲಿ ಬಳಸಬಾರದೆಂಬ ನಿಯಮ ಬ್ರಿಟನ್ನಿನಲ್ಲಿ 2019ರಲ್ಲಿ ಜಾರಿಗೆ ಬಂತು. ನಮ್ಮ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯೂ 2022ರಲ್ಲಿ ಅದೇ ಬಗೆಯ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಆ ಮಂಡಳಿ ಜಾಹೀರಾತು ಉದ್ಯಮವೇ ಕಟ್ಟಿಕೊಂಡ ಸಂಸ್ಥೆ. ಅದರ ಮಾತು ಬುದ್ಧಿವಾದವೇ ಹೊರತು ದಂಡನೆಯಲ್ಲ. ಡಬ್ಬಿಯ ಬಣ್ಣವಂತೂ ಯಾವ ಮಾರ್ಗಸೂಚಿಗೂ ಸಿಕ್ಕುವುದಿಲ್ಲ.

ಆದರೆ ಒಂದು ಪುಟ್ಟ ಆಯುಧ ನಮ್ಮ ಕೈಗೆ ಬಂದಿದೆ. ಅದನ್ನು ಬಲ್ಲವರು ಕಡಿಮೆ. ಪೊಟ್ಟಣದ ಸರಕುಗಳ ಬಗೆಗಿನ 2011ರ ತೂಕ-ಅಳತೆಯ ನಿಯಮಗಳಿಗೆ 2021ರಲ್ಲಿ ಮಾಡಿದ ತಿದ್ದುಪಡಿಯಂತೆ, ಗರಿಷ್ಠ ಬೆಲೆಯ ಜೊತೆಗೆ ಒಂದು ಗ್ರಾಮಿಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಬೀಳುತ್ತದೆಂಬುದನ್ನೂ ಅಚ್ಚು ಹಾಕಬೇಕು. ಗುಲಾಬಿ ಡಬ್ಬಿ 80 ಗ್ರಾಮಿಗೆ 120 ರೂಪಾಯಿ, ಕಪ್ಪು ಡಬ್ಬಿ 100 ಗ್ರಾಮಿಗೆ 130 ರೂಪಾಯಿ ಎಂದಿಟ್ಟುಕೊಳ್ಳೋಣ. ಮೇಲುನೋಟಕ್ಕೆ ಗುಲಾಬಿಯದೇ ಅಗ್ಗ. ಗ್ರಾಮಿನ ಲೆಕ್ಕದಲ್ಲಿ ಅದು ಒಂದೂವರೆ ರೂಪಾಯಿ, ಇದು ಒಂದು ರೂಪಾಯಿ ಮೂವತ್ತು ಪೈಸೆ. ಕಳೆದುಹೋಗಿದ್ದ ತಕ್ಕಡಿ ಆ ಸಣ್ಣಕ್ಷರದ ಸಾಲಿನಲ್ಲಿದೆ.

ಶಾಲೆ ಕಾಲೇಜುಗಳ ಉಪಾಧ್ಯಾಯರಲ್ಲಿ ನನ್ನ ವಿನಂತಿಯಿದು. ಲಿಂಗಪ್ರಕರಣವನ್ನು ಪಾಠ ಹೇಳುವ ದಿನ ಮಕ್ಕಳಿಂದ ಎರಡು ಖಾಲಿ ಡಬ್ಬಿಗಳನ್ನು ತರಿಸಿ ಮೇಜಿನ ಮೇಲಿಡಿ. ಆ ಸಣ್ಣಕ್ಷರದ ಸಾಲನ್ನು ಗಟ್ಟಿಯಾಗಿ ಓದಿಸಿ. ಡಬ್ಬಿಗೆ ಲಿಂಗವಿಲ್ಲ ಎಂಬುದನ್ನು ಒಪ್ಪಿಸುವುದು ಸುಲಭ. ದುಡಿಮೆಗೂ ಲಿಂಗವಿಲ್ಲ ಎಂಬ ಮುಂದಿನ ಪಾಠಕ್ಕೆ ಅದು ಮೊದಲ ಮೆಟ್ಟಿಲಾಗುತ್ತದೆ. ಆ ಮಕ್ಕಳಲ್ಲಿ ಕೆಲವರು ನಾಳೆ ಹೊಲದ ಒಡೆಯರಾಗುವರು, ಕೆಲವರು ಕೂಲಿಯ ಲೆಕ್ಕ ಬರೆಯುವರು, ಹಲವರು ಆ ಕೂಲಿಯನ್ನು ಎಣಿಸಿಕೊಳ್ಳುವರು. ಲೆಕ್ಕ ಬರೆಯುವಾಗಲಾಗಲಿ ಎಣಿಸಿಕೊಳ್ಳುವಾಗಲಾಗಲಿ ಆ ಪಾಠ ಅವರ ನೆನಪಿಗೆ ಬಂದರೆ, ಮೇಷ್ಟರು ವ್ಯಾಕರಣ ಕಲಿಸಿದ್ದು ಸಾರ್ಥಕ.